ಮಗಳು ಓದಿ ಹೇಳಿದ ಸಿನಿಮಾ

ಕೆಟ್ಟ ಮಾತು ಕಿವಿಗೆ ಬಿದ್ದರೆ ಮುಖ ಕಿವುಚುವ ಜನರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಲಾರಿ ಆಫೀಸಿನಲ್ಲಿ ಯಾವ ಗಾಡಿ ಯಾವ ಲೋಡು ಹೊತ್ತು ಯಾವಾಗ ಹೊರಡಬೇಕು ಎಂದು ಹೇಳುವ ಕೆಲಸ ನನ್ನದಾಗಿತ್ತು. ಎದುರಿಗೊಂದು ಮೇಜು, ಮೇಜಿನ ಮೇಲೆ ವೈರ್‌ಲೆಸ್ಸು, ಅಂಗಳದ ತುಂಬ ಡ್ರೈವರುಗಳು. ಹೆಂಗಸು ಬಂದಿದ್ದಾಳೆ ಅಂತ ಮೊದಮೊದಲು ಎಲ್ಲರೂ ಮೆತ್ತಗೆ ಮಾತಾಡಿದರು. ಮೆತ್ತಗೆ ಮಾತಾಡಿಕೊಂಡೇ ಒಬ್ಬೊಬ್ಬನೂ ನನಗೆ ಟೋಪಿ ಹಾಕಿದ. ಒಬ್ಬ ಟೈರು ಪಂಕ್ಚರ್ ಅಂದ, ಇನ್ನೊಬ್ಬ ಹೆಂಡತಿಗೆ ಜ್ವರ ಅಂದ. ಒಂದು ದಿನ ತಲೆ ಕೆಟ್ಟು ನಾನೂ ಬಾಯಿ ಬಿಟ್ಟೆ. ಅವರಿಗೆ ಗೊತ್ತಿದ್ದ ಬೈಗುಳಗಳ ಜೊತೆಗೆ ಗೊತ್ತಿಲ್ಲದವನ್ನೂ ಸೇರಿಸಿ ಬೈದೆ. ಅಂದಿನಿಂದ ಗಾಡಿಗಳು ಹೊತ್ತಿಗೆ ಸರಿಯಾಗಿ ಹೊರಟವು, ನನಗೆ 'ಹಾರನ್' ಎಂಬ ಹೆಸರೂ ಬಿತ್ತು. ಬೈಯುವವನು ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೊರಗೆ ಹಾಕಿಬಿಟ್ಟಿರುತ್ತಾನೆ, ಅವನ ಹತ್ತಿರ ಬಚ್ಚಿಡಲು ಏನೂ ಉಳಿದಿರುವುದಿಲ್ಲ. ನನಗೆ ಮೋಸ ಮಾಡಿದವರೆಲ್ಲ ಸಕ್ಕರೆ ಬಾಯಿಯವರೇ.

ಇಂಥ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳ ಬಾಯಿಂದ 'ಕತ್ತೆ' ಎನ್ನುವ ಮಾತು ಕೂಡ ಬಂದದ್ದನ್ನು ನಾನು ಕೇಳಿಲ್ಲ. ಅವಳಿಗೆ ಸಿಕ್ಕ ಕೆಲಸ ನೋಡಿ: ಒಂದು ಟೀವಿ ಚಾನೆಲ್ಲಿನಲ್ಲಿ ಕೂತು, ಸಿನಿಮಾದಲ್ಲಿ ಕೆಟ್ಟ ಮಾತು ಬಂದಲ್ಲೆಲ್ಲ ಅದರ ಮೇಲೆ 'ಬೀಪ್' ಅನ್ನುವ ಸದ್ದು ಕೂರಿಸುವುದು. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ಬೈಗುಳ ಹುಡುಕುತ್ತಾಳೆ. ಅಮ್ಮ ಬೈದು ಸಂಬಳ ತಂದಳು, ಮಗಳು ಬೈಗುಳ ಒರೆಸಿ ಸಂಬಳ ತರುತ್ತಾಳೆ ಎಂದು ಮನೆಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದೆ. ಅವಳೂ ನಗುತ್ತಿದ್ದಳು. ಅವಳ ತಂದೆ ಬೇಗ ಹೋಗಿಬಿಟ್ಟರು, ಮನೆಯಲ್ಲಿ ನಾವಿಬ್ಬರೇ. ಜಗಳ ಅಂತ ಆಗುತ್ತಿದ್ದದ್ದು ಸಿನಿಮಾ ವಿಷಯಕ್ಕೆ ಮಾತ್ರ. ಅವಳಿಗೆ ಕಿಟಕಿ ಪಕ್ಕ ಇಬ್ಬರು ನಿಂತು ನಿಟ್ಟುಸಿರು ಬಿಡಬೇಕು, ಕೊನೆಗೆ ಯಾರಾದರೂ ಯಾರನ್ನಾದರೂ ಕ್ಷಮಿಸಬೇಕು. ನನಗೆ ಅಂಥದ್ದು ನೋಡಿದರೆ ಆಕಳಿಕೆ. ನನಗೆ ಬೇಕಾದದ್ದು ಪರದೇಶದ ರೌಡಿಗಳ ಸಿನಿಮಾ. ಹೊಡೆದಾಟ ಇರಬೇಕು, ಮುಖಕ್ಕೆ ಮುಖ ಕೊಟ್ಟು ಬೈಯುವ ಜನ ಇರಬೇಕು.

ಆಮೇಲೆ ನನ್ನ ಕಣ್ಣು ಹೋಯಿತು. ಪೂರಾ ಹೋಗಿಲ್ಲ, ಅಂಚಿನಲ್ಲಿ ಇನ್ನೂ ಕಾಣುತ್ತದೆ. ನಡುವೆ ಮಾತ್ರ ಒದ್ದೆ ಕೈಯಲ್ಲಿ ಒರೆಸಿದ ಗಾಜಿನ ಹಾಗೆ ಮಸುಕು. ಬಾಗಿಲು ಎಲ್ಲಿದೆ, ಯಾರೋ ಬಂದು ನಿಂತರು ಎನ್ನುವುದು ಗೊತ್ತಾಗುತ್ತದೆ. ಮುಖ ಯಾರದೆಂದು ಗೊತ್ತಾಗುವುದಿಲ್ಲ, ಅಕ್ಷರವಂತೂ ಇಲ್ಲವೇ ಇಲ್ಲ. ಇದು ಸರಿಹೋಗುವುದಿಲ್ಲ ಎಂದು ಡಾಕ್ಟರು ಹೇಳಿದ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ನಾನು ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಯಾರನ್ನು ಎಂದು ನನಗೇ ಗೊತ್ತಿರಲಿಲ್ಲ. ಮಗಳು ಕೈ ಹಿಡಿದುಕೊಂಡು, ನಾನಿದ್ದೀನಲ್ಲಮ್ಮ, ನಾನು ಓದಿ ಹೇಳ್ತೀನಿ ಅಂದಳು. ಓದಿದಳು ಕೂಡ. ಪೇಪರು, ಬಸ್ಸಿನ ಬೋರ್ಡು, ಅಂಗಡಿಯ ಚೀಟಿ, ಎಲ್ಲ. ಭಾನುವಾರ ನನ್ನ ರೌಡಿಗಳ ಸಿನಿಮಾ ಹಾಕಿ, ಪರದೆಯ ಕೆಳಗೆ ನಮ್ಮ ಭಾಷೆಯಲ್ಲಿ ಬರುವ ಸಾಲುಗಳನ್ನು ಒಂದೊಂದಾಗಿ ಓದುತ್ತಿದ್ದಳು. ಅವಳಿಗೆ ಇಷ್ಟವಿಲ್ಲದ ಸಿನಿಮಾವನ್ನು ಅಮ್ಮನಿಗೋಸ್ಕರ ಕೂತು ಓದುವ ಮಗಳು ಯಾರಿಗುಂಟು ಎಂದು ನಾನು ಉಬ್ಬಿಹೋಗಿದ್ದೆ.

ರೌಡಿಗಳು ಸ್ವಲ್ಪ ಮೆತ್ತಗಾಗಿದ್ದಾರೆ ಎಂದು ಮಾತ್ರ ಅನ್ನಿಸುತ್ತಿತ್ತು. ಎದೆಗೆ ಪಿಸ್ತೂಲು ಇಟ್ಟವನು, ನೀನು ಮಾಡಿದ್ದು ಸರಿಯಲ್ಲ ಅನ್ನುತ್ತಿದ್ದ. ಇವನು ರೌಡಿಯೋ ಮೇಷ್ಟ್ರೋ ಎಂದು ಕೇಳಿದರೆ, ಕೆಳಗೆ ಹಾಗೇ ಹಾಕಿದ್ದಾರಮ್ಮ ಅನ್ನುತ್ತಿದ್ದಳು. ಹಾಕಿದವರಿಗೆ ನಾನೇ ನಾಲ್ಕು ಬೈದು ಕೊರತೆ ತುಂಬುತ್ತಿದ್ದೆ. ಮಗಳು ಬೈಗುಳ ನುಂಗುತ್ತಿರಬಹುದು ಎಂಬ ಅನುಮಾನ ಬಾರದೆ ಇರಲಿಲ್ಲ. ಇರಲಿ, ಅದು ಅವಳ ಸ್ವಭಾವ ಎಂದು ಬಿಟ್ಟೆ. ಅಷ್ಟೇ ಆಗಿದ್ದರೆ ನಾನು ಇಷ್ಟೆಲ್ಲ ಹೇಳುತ್ತಿರಲಿಲ್ಲ.

ನನ್ನ ತಮ್ಮನ ವಿಷಯ ಹೇಳಬೇಕು. ಅವನೂ ನಮ್ಮ ಲಾರಿ ಆಫೀಸಿನಲ್ಲೇ ಡ್ರೈವರು. ಒಂದು ದಿನ ಕುಡಿದು ಗಾಡಿ ಓಡಿಸಿ, ತೂಕಡಿಸಿ, ಲಾರಿ ಮಗುಚಿಸಿದ. ಜೊತೆಯಲ್ಲಿದ್ದವನ ಕಾಲು ಹೋಯಿತು. ಮಾಲೀಕರ ಮುಂದೆ ವಿಚಾರಣೆ ಆದಾಗ, "ನಿದ್ದೆಗೆಟ್ಟಿದ್ದೀನಿ ಬೇಡ ಅಂದೆ, ನಮ್ಮಕ್ಕ ಬೈದು ಕಳಿಸಿದಳು," ಅಂದ. ನಾನು ಅಂಥ ಮಾತೇ ಆಡಿರಲಿಲ್ಲ. ಆದರೆ ನಾನು ಬೈಯುವವಳೆಂದು ಇಡೀ ಅಂಗಳಕ್ಕೆ ಗೊತ್ತಿತ್ತಲ್ಲ, ಎಲ್ಲರೂ ನಂಬಿದರು. ನನ್ನ ಮೇಜು ಹೋಯಿತು, ಕೆಲಸ ಹೋಯಿತು. ಆಡದ ಮಾತನ್ನು ನನ್ನ ಬಾಯಿಗೆ ತುರುಕಿದ ಆ ತಮ್ಮನನ್ನು ನಾನು ಮತ್ತೆ ಹೊಸಿಲು ತುಳಿಯಲು ಬಿಡಲಿಲ್ಲ.

ಹೋದ ವರ್ಷ ಅವನಿಗೆ ಉಸಿರಿನ ಕಾಯಿಲೆ ಹೆಚ್ಚಾಯಿತು. ಗ್ಯಾರೇಜಿನ ಮೇಲೆ ಒಂದು ಕೋಣೆ, ಕಡಿದಾದ ಕಬ್ಬಿಣದ ಮೆಟ್ಟಿಲು. ಹತ್ತಿದರೆ ಇಳಿಯಲಾರ, ಇಳಿದರೆ ಹತ್ತಲಾರ. ಮಗಳು ನನಗೆ ಹೇಳದೆ ಹೋಗಿ ನೋಡಿಕೊಂಡು ಬರುತ್ತಿದ್ದಳಂತೆ. ಮಾಮನನ್ನು ಮನೆಗೆ ಕರೆದುಕೊಂಡು ಬರೋಣ ಎಂದು ಬೇಡಿದಳು, ಅತ್ತಳು, ಊಟ ಬಿಟ್ಟಳು. ಅವಳು ಆಫೀಸಿನಲ್ಲಿ ಉದ್ದಕ್ಕೆ ಬೀಪ್ ಹಾಕಬೇಕಾದಂಥ ಉತ್ತರ ಕೊಟ್ಟೆ. ಆಮೇಲೆ ಅವಳು ಆ ಮಾತು ಎತ್ತಲಿಲ್ಲ.

ಅದಾದ ಕೆಲವು ದಿನಗಳಿಗೆ ಒಂದು ಸಿನಿಮಾ ಹಾಕಿದಳು. ಅಣ್ಣ ತಮ್ಮ ಇಬ್ಬರೂ ರೌಡಿಗಳು. ತಮ್ಮ ಪೊಲೀಸರಿಗೆ ಸುಳ್ಳು ಹೇಳಿ ಅಣ್ಣನನ್ನು ಜೈಲಿಗೆ ಹಾಕಿಸುತ್ತಾನೆ. ಅಣ್ಣ ಬಿಡುಗಡೆಯಾಗಿ ಬಂದ ಮೇಲೆ ತಮ್ಮ ಅವನ ಬಾಗಿಲಿಗೆ ಬಂದು ನಿಲ್ಲುತ್ತಾನೆ. ನನಗೆ ಕಂಡದ್ದು ಒಂದು ಬಾಗಿಲಿನ ಕಪ್ಪು, ಅದರಾಚೆ ಒಂದು ಆಕಾರ. ಇಡೀ ಸಿನಿಮಾ ಅಬ್ಬರಿಸಿದ್ದ ಅಣ್ಣ ಆಗ ತಣ್ಣಗೆ, ಸಣ್ಣ ದನಿಯಲ್ಲಿ ಏನೋ ಹೇಳಿದ. ಮಗಳು ಓದಿದಳು.

"ಬಂದ್ಯಲ್ಲ, ಅಷ್ಟೇ ಸಾಕು. ಹಳೇದೆಲ್ಲ ಹೊರಗೇ ಬಿಟ್ಟು ಒಳಗೆ ಬಾ. ಈ ಬಾಗಿಲು ನಿಂದೂ ಹೌದು."

ಬಾಗಿಲು ಹಾಕಿದ ಸದ್ದು ಕೇಳಿಸಿತು. ನಾನು ಅತ್ತುಬಿಟ್ಟೆ. ಅವಳ ಕಿಟಕಿಪಕ್ಕದ ಸಿನಿಮಾದವರು ಯಾರಾದರೂ ಇದನ್ನು ಹೇಳಿದ್ದರೆ ಉಗಿಯುತ್ತಿದ್ದೆ. ಹೇಳಿದವನು ರೌಡಿ, ಯಾರಿಗೂ ತಲೆ ಬಾಗದವನು, ನನ್ನಂಥವನು. ಅವನ ಕೈಲಿ ಆದದ್ದು ನನ್ನ ಕೈಲಿ ಯಾಕಾಗುವುದಿಲ್ಲ ಅನ್ನಿಸಿತು. ಆಮೇಲೆ ಸಿನಿಮಾದಲ್ಲಿ ತಮ್ಮನ ದನಿಯೇ ಕೇಳಿಸಲಿಲ್ಲ. ಎಲ್ಲಿ ಹೋದ ಎಂದು ಕೇಳಿದ್ದಕ್ಕೆ, ಸುಸ್ತಾಗಿ ಮೇಲೆ ಮಲಗಿದ್ದಾನಮ್ಮ ಅಂದಳು. ಪಾಪ ಮಲಗಲಿ ಎಂದೆ. ಮುಂದಿನ ಭಾನುವಾರವೂ ಅದೇ ಸಿನಿಮಾ ಹಾಕಿಸಿಕೊಂಡೆ. ಮಾರನೆಯ ಬೆಳಿಗ್ಗೆ ನಾನೇ ಅವನನ್ನು ಕರೆದುಕೊಂಡು ಬಾ ಎಂದು ಹೇಳಿದೆ.

ಅವನು ಬಂದು ಹೊಸಿಲಾಚೆ ಏದುಸಿರು ಬಿಡುತ್ತ ನಿಂತಾಗ ನನ್ನ ಬಾಯಿಗೆ ಬಂದದ್ದು ಅದೇ ಮಾತು. ಹಳೇದೆಲ್ಲ ಹೊರಗೇ ಬಿಟ್ಟು ಒಳಗೆ ಬಾ ಅಂದೆ. ಅವನು ಕುಸಿದು ಕೂತು ಮಗುವಿನ ಹಾಗೆ ಅತ್ತ.

ಅವನು ಬಂದಮೇಲೆ ಮನೆ ಚೆನ್ನಾಗಿಯೇ ಇತ್ತು, ಸುಳ್ಳೇಕೆ ಹೇಳಲಿ. ಮಧ್ಯಾಹ್ನ ಅವನಿಗೂ ಹೊತ್ತು ಹೋಗದು, ನನಗೂ ಹೋಗದು. ಹಳೆಯ ಡ್ರೈವರುಗಳ ಸುದ್ದಿ ತೆಗೆದು ಇಬ್ಬರೂ ನಗುತ್ತಿದ್ದೆವು. ಮೊನ್ನೆ ಮಗಳು ಕೆಲಸಕ್ಕೆ ಹೋಗಿದ್ದಾಗ, ಸಿನಿಮಾ ಹಾಕ್ಲಾ ಅಕ್ಕ, ನಾನೇ ಓದ್ತೀನಿ ಅಂದ. ಆ ಅಣ್ಣತಮ್ಮಂದಿರ ಸಿನಿಮಾ ಹಾಕು ಎಂದೆ. ಅದು ಅವನಿಗೆ ಗೊತ್ತಿರಲಿಲ್ಲ. ಅದರಿಂದಲೇ ಅವನು ನನ್ನ ಮನೆಯಲ್ಲಿದ್ದಾನೆ ಎನ್ನುವುದೂ ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲ.

ಓದಲು ಶುರುಮಾಡಿದ. ಅಬ್ಬಾ, ರೌಡಿಗಳು ಕೊನೆಗೂ ರೌಡಿಗಳ ಹಾಗೆ ಮಾತಾಡಿದರು. ಮಗಳು ನುಂಗಿದ್ದ ಬೈಗುಳವನ್ನೆಲ್ಲ ಇವನು ಬಾಯಿ ತುಂಬ ಉಗುಳಿದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ, ಸಂಜೆ ಬರಲಿ, ಅವಳನ್ನು ಸರಿಯಾಗಿ ಕಿಚಾಯಿಸಬೇಕು ಅಂದುಕೊಂಡೆ. ಬಾಗಿಲಿನ ದೃಶ್ಯ ಬಂತು. ಅಣ್ಣ ಸಣ್ಣ ದನಿಯಲ್ಲಿ ಮಾತಾಡಿದ. ನನ್ನ ತಮ್ಮ ಓದಿದ.

"ನಾಯಿಗೆ ಹುಟ್ಟಿದ ಬೋಳಿಮಗನೇ, ಈ ಹೊಸಿಲು ತುಳಿದ್ರೆ ಕಾಲು ಮುರೀತೀನಿ. ನೀನು ಸತ್ರೆ ನಿನ್ನ ಹೆಣಕ್ಕೂ ಈ ಬಾಗಿಲು ತೆಗೆಯಲ್ಲ."

ಇನ್ನೊಂದು ಸಲ ಹಾಕು ಎಂದೆ. ಹಿಂದಕ್ಕೆ ತಿರುಗಿಸಿ ಮತ್ತೆ ಓದಿದ. ಅದೇ ಮಾತು. ಸಿನಿಮಾದ ತಮ್ಮ ಒಳಗೆ ಬಂದನಾ ಎಂದು ಕೇಳಿದೆ. "ಎಲ್ಲಿಂದ ಬರ್ತಾನಕ್ಕ, ಮುಖದ ಮೇಲೇ ಬಾಗಿಲು ಹಾಕಿದ್ನಲ್ಲ," ಎಂದು ನಕ್ಕ.

ಇವನು ಸುಳ್ಳು ಓದಿದನೋ ಎಂದು ಒಂದು ಕ್ಷಣ ಯೋಚಿಸಿದೆ. ಸುಳ್ಳು ಹೇಳುವುದಾದರೆ ಇವನು ತನಗೆ ಅನುಕೂಲವಾಗುವ ಮಗಳ ಮಾತನ್ನೇ ಹೇಳಬೇಕಿತ್ತು. ಒಂದೇ ತಾಯಿಯ ಮಕ್ಕಳೆನ್ನುವುದನ್ನೂ ಮರೆತು ನಾಯಿಗೆ ಹುಟ್ಟಿದವನೇ ಅಂದಿದ್ದಾನೆ ಆ ಅಣ್ಣ, ಅಷ್ಟು ಸಿಟ್ಟು ಅವನಿಗೆ. ಅದನ್ನು ಕೇಳಿ ನಾನು ಕ್ಷಮೆಯೆಂದು ಅತ್ತಿದ್ದೆ. ಬಾಯ್ತುದಿಯ ಬೈಗುಳಕ್ಕೆ ಅಬ್ಬರ, ಹೊಟ್ಟೆಯೊಳಗಿಂದ ಬಂದದ್ದು ತಣ್ಣಗಿರುತ್ತದೆ. ಬೈದು ಬದುಕಿದವಳಿಗೆ ಅಷ್ಟೂ ತಿಳಿಯಲಿಲ್ಲವಲ್ಲ ಎಂದು ನನ್ನ ಮೇಲೇ ಹೇಸಿಗೆಯಾಯಿತು.

ಸಂಜೆ ಮಗಳು ಬಂದು ಚಪ್ಪಲಿ ಬಿಡುವಷ್ಟರಲ್ಲಿ ಕೇಳಿಯೇಬಿಟ್ಟೆ. ಅವಳು ಅಡ್ಡಗೋಡೆಯ ಮೇಲೆ ದೀಪ ಇಡಲಿಲ್ಲ, ಒಪ್ಪಿಕೊಂಡಳು. ಮಾಮ ಆ ಮೆಟ್ಟಿಲ ಮೇಲೇ ಸಾಯುತ್ತಿದ್ದ ಎಂದಳು. ನನ್ನನ್ನು ಒಪ್ಪಿಸಲು ಬೇರೆ ದಾರಿ ಇರಲಿಲ್ಲ ಎಂದಳು. "ನನ್ನ ಮಾತು ನಿನಗೆ ಕೇಳ್ಸಲ್ಲಮ್ಮ. ರೌಡಿ ಹೇಳಿದ್ರೆ ಕೇಳುತ್ತೆ. ಅದಕ್ಕೇ ಅವನ ಕೈಲಿ ಹೇಳಿಸ್ದೆ. ಏನು ಕೆಟ್ಟದಾಯ್ತು ಹೇಳು, ನೀನೂ ನಗ್ತಾ ಇದ್ದೀಯ."

ಹೌದು, ನಗುತ್ತಿದ್ದೆ. ಅದೇ ಹೊಟ್ಟೆ ಉರಿಸಿತು.

"ಆಫೀಸಲ್ಲಿ ಊರವರಿಗೆಲ್ಲ ಬೀಪ್ ಹಾಕ್ತೀಯ," ಎಂದೆ. "ಇಲ್ಲೇನೋ ತೆಗೆದಿದ್ದಾರೆ ಅಂತ ಅವರಿಗಾದ್ರೂ ಗೊತ್ತಾಗುತ್ತೆ. ಹೆತ್ತವಳಿಗೆ ಅಷ್ಟೂ ಮರ್ಯಾದೆ ಇಲ್ವಾ? ನಿನ್ನ ಮಾಮ ಒಂದು ಸಲ ನನ್ನ ಬಾಯಿಗೆ ಮಾತು ತುರುಕಿದ, ನನ್ನ ಕೆಲಸ ಹೋಯ್ತು. ನೀನು ತುರುಕಿದ ಮಾತನ್ನ ನಾನೇ ಬಾಗಿಲಲ್ಲಿ ನಿಂತು ಆಡಿದೆ, ನಂದು ಅಂದ್ಕೊಂಡು."

ಅವಳು ಅತ್ತಳು. ಆ ಹೊತ್ತಿಗೆ ತಮ್ಮ ತನ್ನ ಕೋಣೆಯಿಂದ ಎದ್ದು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಅವನ ಉಸಿರಿನ ಸಿಳ್ಳು ನನಗೆ ಕೇಳಿಸುತ್ತಿತ್ತು. ನಾನು ಹೋಗ್ತೀನಕ್ಕ ಅಂದ. ಕೂತ್ಕೋ ಅಂದೆ. ಅವನನ್ನು ಹೊರಗೆ ಹಾಕುವ ಮಾತು ನನ್ನ ತಲೆಯಲ್ಲಿರಲಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ: ಮಗಳ ಬಾಯಿಂದ ಇದ್ದದ್ದು ಇದ್ದ ಹಾಗೆ ಕೇಳಬೇಕು. ಇಲ್ಲದಿದ್ದರೆ ನಾಳೆಯಿಂದ ಅವಳು ಓದಿದ ಪೇಪರನ್ನು, ಹೇಳಿದ ಬಸ್ಸನ್ನು ನಾನು ನಂಬುವುದು ಹೇಗೆ?

ಸಿನಿಮಾ ಹಾಕು, ಓದು ಎಂದೆ. ಇದ್ದ ಹಾಗೆ ಪೂರ್ತಿ ಓದಿದರೆ ಇದನ್ನು ಇಲ್ಲಿಗೇ ಮರೆಯುತ್ತೇನೆ ಎಂದೂ ಹೇಳಿದೆ. ಮನಸಾರೆ ಹೇಳಿದೆ.

ಬಾಗಿಲಿನ ದೃಶ್ಯ ಬಂತು. ಆ ತಣ್ಣನೆಯ ದನಿ ಶುರುವಾಯಿತು. ಮಗಳು ಓದಿದಳು. "ನಾಯಿಗೆ ಹುಟ್ಟಿದ ಬೋಳಿಮಗನೇ, ಈ ಹೊಸಿಲು ತುಳಿದ್ರೆ ಕಾಲು ಮುರೀತೀನಿ."

ಒಂದಕ್ಷರ ತೊದಲಲಿಲ್ಲ. ಹುಟ್ಟಿದಾಗಿನಿಂದ ಯಾರನ್ನೂ ಬೈಯದವಳು ನನಗೋಸ್ಕರ ಬಾಯಿ ಹೊಲಸು ಮಾಡಿಕೊಂಡಳಲ್ಲ. ಎದ್ದು ಹೋಗಿ ತಬ್ಬಿಕೊಳ್ಳೋಣ ಅನ್ನಿಸಿತು. ಆದರೆ ಅವಳು ಅಲ್ಲಿಗೇ ನಿಲ್ಲಿಸಿಬಿಟ್ಟಿದ್ದಳು. ಟೀವಿಯಲ್ಲಿ ಆ ಅಣ್ಣ ಇನ್ನೂ ಮಾತಾಡುತ್ತಲೇ ಇದ್ದ.

ಹೆಣದ ಮಾತು ಬರಲಿಲ್ಲ. ಅದರಲ್ಲಿ ಒಂದೂ ಕೆಟ್ಟ ಶಬ್ದವಿರಲಿಲ್ಲ.

"ಅಷ್ಟೇನಾ?" ಎಂದು ಕೇಳಿದೆ.

"ಅಷ್ಟೇ ಅಮ್ಮ."

ತಮ್ಮನ ಕಡೆ ತಿರುಗಿದೆ. ಮಧ್ಯಾಹ್ನವಷ್ಟೇ ಆ ಮಾತನ್ನು ಎರಡೆರಡು ಸಲ ಓದಿ ನಕ್ಕವನು ಅವನು. ಪೂರ್ತಿ ಓದಿದಳಾ ಎಂದು ಕೇಳಿದೆ.

"ಪೂರ್ತಿ ಓದಿದ್ಲಕ್ಕ," ಅಂದ.

ಉಸಿರಿಗೆ ಒದ್ದಾಡುವ ಮಾಮನ ಎದುರಿಗೆ ಹೆಣದ ಮಾತು ಬೇಡವೆಂದು ಅವಳು ಬಿಟ್ಟಿದ್ದಳು. ಅಕ್ಕನ ಮಗಳನ್ನು ಉಳಿಸಲು ಅವನು ಮುಚ್ಚಿದ. ಇಬ್ಬರದೂ ಒಳ್ಳೆಯ ಮನಸ್ಸೇ ಇರಬಹುದು. ಈ ಮನೆಯಲ್ಲಿ ಕಣ್ಣಿರುವವರು ಇಬ್ಬರೇ, ಆ ಇಬ್ಬರೂ ಈಗ ಒಂದು ಕಡೆ ಸೇರಿದ್ದರು. ಬೈಯಬೇಕೆಂದು ಬಾಯಿ ತೆರೆದೆ. ಸರಿ, ಆಯ್ತು ಎಂದೆ.

ಊಟವಾದ ಮೇಲೆ ಮಗಳು ನೀರಿನ ಲೋಟ ತಂದು ಒಂದು ಕೈಗೆ ಕೊಟ್ಟಳು, ಇನ್ನೊಂದು ಅಂಗೈಯಲ್ಲಿ ಮಾತ್ರೆ ಇಟ್ಟಳು. ಇದು ಬಿಪಿದು ಅಮ್ಮ ಅಂದಳು. ಬೆರಳಿನಿಂದ ಸವರಿ ನೋಡಿದೆ, ಸಣ್ಣದು, ಗುಂಡಗಿತ್ತು. ಎಲ್ಲ ಮಾತ್ರೆಗಳೂ ಹಾಗೇ ಇರುತ್ತವೆ. ಅವಳು ಎದುರಿಗೇ ನಿಂತಿದ್ದಳು. ನುಂಗಿದೆ.