ಮಿಂಚು, ಇಪ್ಪತ್ತೈದರಿಂದ ಮೂವತ್ತು

ಇಪ್ಪತ್ನಾಲ್ಕರ ಕೆಳಗೆ ಮೂವತ್ತೊಂದು ಬಂತು. ಗಂಗಾಂಬಿಕೆ ಕಂತೆಯನ್ನು ಮಗುಚಿ ಹಾಕಿ ಮತ್ತೆ ನೋಡಿದಳು. 'ಮಿಂಚು ಚಿತ್ರಮಾಲೆ' ಅಲ್ಲಿಯವರೆಗೆ ಒಂದೂ ತಪ್ಪದೆ ಬಂದು, ಅಲ್ಲಿಂದ ಒಂದೇ ನೆಗೆತಕ್ಕೆ ಮೂವತ್ತೊಂದಕ್ಕೆ ಹೋಗಿ ಕೂತಿತ್ತು.

"ದೊಡ್ಡಪ್ಪ, ನಡುವೆ ಆರು ಪುಸ್ತಕ ಇಲ್ಲ."

"ಅವು ಸಿಕ್ಕಲ್ಲ ಬುಡು," ಎಂದರು ಶಂಭುಲಿಂಗಪ್ಪ. "ಹುಡುಗ್ನೊಬ್ಬ ಹೊಡ್ಕಂಡೋದ. ಆಗ್ಲೇ ಇಪ್ಪತ್ತು ವರ್ಸದ ಮಾತು. ಇಲ್ಲ ಅಂತ ಬರ್ಕೊ."

ಗುಂಡ್ಲುಪೇಟೆ ಬಸ್ ನಿಲ್ದಾಣದ ಹಿಂದಿನ ಆ ಬಾಡಿಗೆ ಪುಸ್ತಕದ ಅಂಗಡಿಗೆ ಈಗ ಯಾರೂ ಬರುತ್ತಿರಲಿಲ್ಲ. ಮನೆಮನೆಗೆ ಕೇಬಲ್ ಬಂದಿತ್ತು. ಯುಗಾದಿ ಕಳೆದ ಮೇಲೆ ಅಲ್ಲಿ ಎಸ್‌ಟಿಡಿ ಬೂತ್ ಹಾಕುವುದೆಂದು ಶಂಭುಲಿಂಗಪ್ಪನವರ ಮಗ ಮಲ್ಲೇಶ್ ಹೇಳಿಬಿಟ್ಟಿದ್ದ. ಹಳೆಯ ಚಿತ್ರಕಥೆಗಳನ್ನು ಕೂಡಿಡುವ ಮೈಸೂರಿನವರೊಬ್ಬರು ಎಲ್ಲವನ್ನೂ ಒಯ್ಯಲು ಒಪ್ಪಿದ್ದರು. ಆದರೆ ಮಾಲೆ ಪೂರ್ತಿ ಇದ್ದರೆ ಮಾತ್ರ. ಉಳಿದದ್ದು ಕಡಲೆಕಾಯಿ ಪೊಟ್ಟಣಕ್ಕೆ. ಬಿ.ಎ. ಮುಗಿಸಿ ಚಾಮರಾಜನಗರದ ಮನೆಯಲ್ಲಿ ಸುಮ್ಮನೆ ಕೂತಿದ್ದ ತಮ್ಮನ ಮಗಳನ್ನು ಶಂಭುಲಿಂಗಪ್ಪ ಅದಕ್ಕೇ ಕರೆಸಿಕೊಂಡಿದ್ದರು. ಯಾರೊಂದಿಗೂ ಮಾತಾಡಬೇಕಿಲ್ಲದ ಕೆಲಸವೆಂದು ಅವಳೂ ಒಪ್ಪಿದ್ದಳು.

ಮಾತಿಗೆ ಅವಳು ಅಷ್ಟು ಹೆದರುತ್ತಿದ್ದಳು. ಅಂದು ಬೆಳಿಗ್ಗೆಯೂ ಚಿಲ್ಲರೆ ಕೇಳಲಾರದೆ ಬಸ್ಸಿನಿಂದ ಇಳಿದು ಹೊರಟವಳನ್ನು ಕಂಡಕ್ಟರೇ ಕೂಗಿ ನಿಲ್ಲಿಸಿದ್ದ. "ಓ ಮೇಡಂ, ದಿನಾ ಇದೇ ಕತೆ ಆಯ್ತಲ್ಲ! ಬಾಯಿಗೇನ್ ಬೀಗ ಹಾಕಂಡಿದ್ದೀರಾ? ತಕ್ಕಳಿ. ದಿನಾ ಎಲ್ಗೆ ಓಯ್ತೀರಿ ನೀವು?"

"ಶಂಭುಲಿಂಗಪ್ಪನವರ ಪುಸ್ತಕದ ಅಂಗಡಿಗೆ."

ನಗುತ್ತಿದ್ದವನು ತಟ್ಟನೆ ಸುಮ್ಮನಾಗಿ, ಚೀಲ ಸರಿಮಾಡಿಕೊಂಡು ಹೊರಟುಹೋಗಿದ್ದ. ತಾನೇನು ತಪ್ಪು ಆಡಿದೆನೆಂದು ಅವಳು ದಾರಿಯುದ್ದಕ್ಕೂ ಯೋಚಿಸಿದ್ದಳು.

ಪಟ್ಟಿ ಮಾಡುವ ಕೆಲಸ ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. 'ಮಿಂಚು' ಬೇರೆ, 'ಬಾಲ ಮಿಂಚು' ಬೇರೆ. ದೀಪಾವಳಿಗೆ ಬರುತ್ತಿದ್ದ 'ಮಿಂಚು ವಿಶೇಷ'ಕ್ಕೆ ಅದರದ್ದೇ ಎಣಿಕೆ. ಹೀಗಾಗಿ ಒಂದು ಗೂಡಿನಲ್ಲಿ ಮೂರು ಏಳುಗಳಿದ್ದವು. ಸಾಲದ್ದಕ್ಕೆ ದೊಡ್ಡಪ್ಪ, ಹೊಸ ಪುಸ್ತಕ ಬಂದ ದಿನವೇ ಬಣ್ಣದ ಹೊದಿಕೆಯ ಮೇಲೆ ಕಂದು ರಟ್ಟು ಹೊಲಿದು, ಹೆಸರು ಸಂಖ್ಯೆ ಬರೆದುಬಿಡುತ್ತಿದ್ದರು. ಒಳಗೇನಿದೆಯೆಂದು ಅವರು ತೆರೆದು ನೋಡಿದವರಲ್ಲ.

ಮೇಲಿನ ಗೂಡಿನಲ್ಲಿ 'ಸಾಹಸ ಮಾಲೆ' ಎಂಬ ಆರೇ ಪುಸ್ತಕಗಳ ಸಣ್ಣ ಕಂತೆಯಿತ್ತು. ಹುಟ್ಟಿದ ವರ್ಷವೇ ನಿಂತುಹೋದ ಮಾಲೆಯಿರಬೇಕೆಂದುಕೊಂಡು ಗಂಗಾಂಬಿಕೆ ಅದನ್ನು ಪಕ್ಕಕ್ಕಿಟ್ಟಳು. ದೊಡ್ಡಪ್ಪ ಊಟಕ್ಕೆ ಹೋದಾಗ ಓದುವ ಚಪಲ ತಡೆಯದೆ 'ಮಿಂಚು' ಇಪ್ಪತ್ನಾಲ್ಕನ್ನು ತೆರೆದಳು. ಕೊನೆಯ ಪುಟದಲ್ಲಿ ಹುರಿಮೀಸೆಯ ನಾಯಕ ಚಂದ್ರಸೇನ ಜಲಪಾತದ ಮೇಲೆ ಹಗ್ಗ ಹಿಡಿದು ನೇತಾಡುತ್ತಿದ್ದ. ಎಡತೋಳಿನ ಅಂಗಿ ಹರಿದಿತ್ತು. ಹಗ್ಗದ ಎಳೆಗಳು ಒಂದೊಂದಾಗಿ ಬಿಚ್ಚುತ್ತಿದ್ದವು. ಮುಂದೇನೆಂದು ನೋಡಲು ಇಪ್ಪತ್ತೈದೇ ಇಲ್ಲವಲ್ಲ! ಪೇಚಾಡಿಕೊಂಡು, 'ಸಾಹಸ ಮಾಲೆ'ಯ ಮೊದಲನೆಯದನ್ನು ತೆರೆದರೆ ಅಲ್ಲಿಯೂ ಒಬ್ಬ ಮೊದಲ ಪುಟದಲ್ಲೇ ಹಗ್ಗ ಹಿಡಿದು ನೇತಾಡುತ್ತಿದ್ದಾನೆ. ಇವನಿಗೆ ಮೀಸೆಯಿಲ್ಲ. ಆದರೆ ಹರಿದದ್ದು ಎಡತೋಳೇ.

ಅವಳು ಕೂತಲ್ಲೇ ಆರನ್ನೂ ಓದಿದಳು. ಆರನೆಯದರ ಕೊನೆಗೆ ಅವನು ಗುಹೆಯೊಳಕ್ಕೆ ಹೊಕ್ಕ. 'ಮಿಂಚು' ಮೂವತ್ತೊಂದು ಶುರುವಾದದ್ದು ಆ ಗುಹೆಯೊಳಗೆ. ಮೀಸೆಯೂ ವಾಪಸು ಬಂದಿತ್ತು. ಪ್ರಕಾಶಕರು ನಡುವೆ ಹೆಸರನ್ನೂ ಚಿತ್ರಕಾರನನ್ನೂ ಬದಲಿಸಿ, ಒಗ್ಗದೆ ಹೋದಾಗ ಹಳೆಯದಕ್ಕೇ ಮರಳಿ, ಈ ಆರನ್ನೂ ಎಣಿಕೆಗೆ ಸೇರಿಸಿಕೊಂಡಿದ್ದರು. ಓದಿದ ಹುಡುಗರಿಗೆ ಇದು ಗೊತ್ತಿತ್ತೇನೋ. ಅವರನ್ನು ಯಾರೂ ಕೇಳಿರಲಿಲ್ಲ.

ದೊಡ್ಡಪ್ಪ ಬಂದಾಗ ಅವಳು ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಹರಡಿ ತೋರಿಸಿದಳು. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಇವು ಆವತ್ತೂ ಇಲ್ಲೇ ಇದ್ವಾ?"

"ರಟ್ಟಿನ ಮೇಲಿರೋದು ನಿಮ್ಮದೇ ಅಕ್ಷರ ದೊಡ್ಡಪ್ಪ."

ಶಂಭುಲಿಂಗಪ್ಪ ಸ್ಟೂಲಿನ ಮೇಲೆ ಕುಸಿದು ಕೂತರು. "ಹರವೆ ಊರಿನ್ ಹುಡ್ಗ. ಶಾಂತರಾಜು ಅಂತ. ಇಲ್ಲಿ ಹಾಸ್ಟೆಲ್ನಲ್ಲಿದ್ದ. ದಸರಾ ರಜಕ್ಕೆ ಕಂತೆ ತಕ್ಕಂಡೋಗಿ ತಂದ. ಎಣಿಸಿದ್ರೆ ನಡುವೆ ಆರಿಲ್ಲ. ಕೊಟ್ಟಿದ್ದೇ ಇಷ್ಟು ಅಂದ. ಅವ್ರಪ್ಪನ್ನ ಕರುಸ್ದೆ. ಬಾಗ್ಲಾಚೇನೇ ನಿಂತ್ಕಂಡು ಕೈ ಮುಗ್ದ, ಪಾಪ. ಮಗನ್ನ ಅಲ್ಲೇ ಕೆಡವ್ಕಂಡು ಹೊಡ್ದ. ಬುಡೋ ಅನ್ನಕೆ ನಂಗೆ ಬಾಯಿ ಬರಲಿಲ್ಲ ಕಣಮ್ಮಿ." ಕನ್ನಡಕ ತೆಗೆದಿಟ್ಟು, "ಈಗ ನಿಮ್ಮೂರ ಬಸ್ಸಲ್ಲಿ ಕಂಡಕ್ಟ್ರು ಅವ್ನು," ಎಂದರು.

ಗಂಗಾಂಬಿಕೆಗೆ ಬೆಳಗಿನ ಆ ಮುಖ ಕಣ್ಣ ಮುಂದೆ ಬಂತು. "ಹೇಳ್ಬೇಕಲ್ವಾ, ದೊಡ್ಡಪ್ಪ?"

ಶಂಭುಲಿಂಗಪ್ಪ ಸಂಜೆ ಅವಳು ಹೊರಡುವ ಹೊತ್ತಿಗೆ ಆ ಆರು ಪುಸ್ತಕಗಳನ್ನು ಹುರಿಯಿಂದ ಕಟ್ಟಿ ಅವಳ ಚೀಲದ ಪಕ್ಕಕ್ಕೆ ತಂದಿಟ್ಟರು. "ನೀನೇ ಕೊಟ್ಬುಡು. ನನ್ ಕೈಲಾಗಲ್ಲ."

"ಮೈಸೂರಿನವರು ಪೂರ್ತಿ ಇದ್ದರೆ ಮಾತ್ರ ಅಂದಿದ್ದರಲ್ಲ?"

"ಇಪ್ಪತ್ತೈದ್ರಿಂದ ಮೂವತ್ತು ಇಲ್ಲ ಅಂತ್ಲೇ ಬರಿ," ಎಂದು ಅವರು ಗೂಡಿನ ಕಡೆ ತಿರುಗಿಕೊಂಡರು.

ಬಸ್ಸಿನಲ್ಲಿ ಶಾಂತರಾಜು ಹತ್ತಿರ ಬಂದಾಗ ಅವಳು ದುಡ್ಡನ್ನಷ್ಟೇ ಮುಂದೆ ಹಿಡಿದಳು. ಅವನು ಟಿಕೆಟ್ ಹರಿದು ಕೊಟ್ಟ. ಮುಂದಿನ ಸೀಟಿಗೆ ಹೋದ. ಇನ್ನೊಂದು ಸೀಟು ದಾಟಿದ.

"ಕಂಡಕ್ಟ್ರೇ!"

ಬಸ್ಸಿನವರೆಲ್ಲ ತಿರುಗಿ ನೋಡಿದರು. ಅವಳು ಕಂತೆಯನ್ನು ಚಾಚಿದಳು. "ಇದು ನಿಮಗೆ. ದೊಡ್ಡಪ್ಪ ಕೊಟ್ಟರು. ನೀವು ತಗೊಂಡೇ ಇರಲಿಲ್ಲ. ಬೇರೆ ಹೆಸರಲ್ಲಿ ಅಲ್ಲೇ ಇದ್ದವು, ಆರೂ."

ಆ ಕಂದು ರಟ್ಟಿನ ಗುರುತು ಅವನಿಗೆ ಹತ್ತಿತು. ಕೈ ಮಾತ್ರ ಮುಂದೆ ಬರಲಿಲ್ಲ.

"ಅವ್ರು ಬರಕಾಗಲಿಲ್ವಾ?"

ಅವಳು ತಲೆ ತಗ್ಗಿಸಿದಳು. "ಇಲ್ಲ."

"ನಮ್ಮಪ್ಪ ಹೋದ್ವರ್ಸ ತೀರ್ಕಂಡ," ಎಂದ ಅವನು, ಕಂಬಿ ಹಿಡಿದುಕೊಂಡು. "ಆಸ್ಪತ್ರೇಲಿ ಮಲ್ಗಿದ್ದಾಗ್ಲೂವೆ ಕೇಳ್ದ. ಈಗ್ಲಾರ ನಿಜ ಹೇಳ್ಬುಡ್ಲಾ ರಾಜು, ಎತ್ಕಂಡಿದ್ದಾ ಅಂತ."

ಅವಳು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ತೆರಕಣಾಂಬಿ ಬರುವ ಹೊತ್ತಿಗೆ ಅವನು ಕಂತೆಯನ್ನು ತೆಗೆದುಕೊಂಡ.

ಇಳಿಯುವವರು ಇಳಿದು, ಹತ್ತುವವರು ಹತ್ತಿದರು. ಶಾಂತರಾಜು ಬಾಗಿಲ ದೀಪದ ಕೆಳಗೆ ನಿಂತು ಹುರಿ ಬಿಚ್ಚಿ ಮೊದಲನೆಯದನ್ನು ತೆರೆದ.

"ಇವ್ನ ಮೀಸೆ ಏನಾಯ್ತು?"

"ಬೋಳಿಸಿಬಿಟ್ಟಿದ್ದಾರೆ. ಮೂವತ್ತೊಂದಕ್ಕೆ ಮತ್ತೆ ಬರುತ್ತೆ."

"ಅಗ್ಗ? ಕಿತ್ತೋಯ್ತದಾ?"

"ಓದಿ," ಎಂದಳು ಗಂಗಾಂಬಿಕೆ.

"ರೈಟ್ ಹೇಳಪ್ಪೋ! ಇಲ್ಲೇ ಮಲುಗ್ಸ್‌ಬುಟ್ಟೀಯಾ ನಮ್ಮ?" ಹಿಂದಿನಿಂದ ಯಾರೋ ಕೂಗಿದರು. ಡ್ರೈವರ್ ತಿರುಗಿ ನೋಡಿದ. ಶಾಂತರಾಜುವಿನ ಸೀಟಿ ದಾರದಲ್ಲಿ ಎದೆಯ ಮೇಲೆ ತೂಗುತ್ತಿತ್ತು. ಎಳೆ ಬಿಚ್ಚುತ್ತಿದ್ದ ಹಗ್ಗದ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, ಅವನು ಇನ್ನೂ ಮೊದಲ ಪುಟವನ್ನೇ ನೋಡುತ್ತಿದ್ದ.