ಹುಸೇನಪ್ಪನ ಮೊಹರಂ ರಜೆ

ಹುಸೇನಪ್ಪ ಬೆಳಿಗ್ಗೆಯಿಂದ ಕಂಪನಿಯ ಒಂದೇ ಗಾಜಿನ ಬಾಗಿಲನ್ನು ನಾಲ್ಕನೇ ಸಲ ಒರೆಸುತ್ತಿದ್ದ. ಕೈ ಬಾಗಿಲ ಮೇಲಿತ್ತು, ಜೀವ ಮಾತ್ರ ಕಾದ ಹೆಂಚಿನ ಮೇಲಿತ್ತು. ಸಂಜೆ ಆರಕ್ಕೆ ಹೆಂಡತಿ ಶಂಕ್ರಮ್ಮ ಮಗಳು ರೇಣುಕಾಳನ್ನು ಕರೆದುಕೊಂಡು ಕಾಚಿಗೂಡ ಸ್ಟೇಷನ್ನಿಗೆ ಬರುತ್ತಾಳೆ. ರಾಯಚೂರಿನ ಗಾಡಿ ಹಿಡಿದು ಊರು ಮುಟ್ಟಿ, ನಾಳೆ ಮೊಹರಂಗೆ ಕೂರಿಸುವ ಅಲಾಯಿ ದೇವರ ಮುಂದೆ ಮಗಳ ಕೊರಳಿಗೆ ಫಕೀರರ ದಾರ ಕಟ್ಟಿಸಬೇಕು. ಹೋದ ವರ್ಷ ಕಾಮಾಲೆಯಾಗಿ ಹುಡುಗಿ ಕೈಬಿಟ್ಟೇ ಹೋಗುತ್ತಾಳೆ ಅನ್ನುವಂತಾದಾಗ ಹೊತ್ತ ಹರಕೆ ಅದು. ಈ ಮೊಹರಂ ತಪ್ಪಿಸಿದರೆ ಏನಾಗುತ್ತದೋ ಎಂಬ ಭಯ ಅವನನ್ನು ಬಿಟ್ಟಿರಲಿಲ್ಲ.

ಅವನೂ ಹರಕೆಯ ಕೂಸೇ. ಮೂರು ಮಕ್ಕಳು ಮಣ್ಣು ಸೇರಿದ ಮೇಲೆ ಹುಟ್ಟಿದವನೆಂದು ತಾಯಿ ಆ ಅಲಾಯಿ ಪೀರರ ಹೆಸರಿಟ್ಟಿದ್ದಳು. ಅವರ ಊರಿನಲ್ಲಿ ಇಂಥ ಹುಸೇನಪ್ಪಂದಿರು ಓಣಿಗೆ ನಾಲ್ವರು. ಮನೆಯೊಳಗೆ ಪೂಜೆಗೆ ಎಲ್ಲಮ್ಮನ ಜಗಲಿ. ಮೊಹರಂ ಬಂತೆಂದರೆ ಮನೆಮಂದಿಯೆಲ್ಲ ಕೊರಳಿಗೆ ದಾರ ಕಟ್ಟಿಕೊಂಡು ಹತ್ತು ದಿನ ಫಕೀರರು. ಇದರಲ್ಲೇನೋ ವಿಶೇಷವಿದೆ ಎಂದು ಅಲ್ಲಿ ಯಾರಿಗೂ ಹೊಳೆದಿರಲಿಲ್ಲ.

ವಿಶೇಷವಾದದ್ದು ಹೈದರಾಬಾದಿನಲ್ಲಿ. ಹೊಸದಾಗಿ ಎದ್ದ ಈ ಸಾಫ್ಟ್‌ವೇರ್ ಕಂಪನಿಯಲ್ಲಿ ಅವರವರ ಧರ್ಮದ ಹಬ್ಬಕ್ಕೆ ಅವರವರಿಗೆ, ಗುತ್ತಿಗೆಯ ಮೇಲೆ ಕಸ ಗುಡಿಸುವವರಿಗೂ, ಮೂರು ದಿನ ರಜೆ. ರಜೆಯ ಪಟ್ಟಿ ನೋಡಿಕೊಳ್ಳುವ ವೇದವತಿ ಮೈಸೂರಿನ ಹುಡುಗಿ, ಒಳ್ಳೆಯವಳು. 'ಹುಸೇನ್' ಅಂತ ಕಂಡದ್ದೇ ತಡ, ಕೊನೆಯ 'ಅಪ್ಪ'ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಮುಸ್ಲಿಂ ಎಂದು ಬರೆದುಬಿಟ್ಟಳು. ಎರಡು ವರ್ಷ ಮೊಹರಂ ರಜೆ ತಾನಾಗಿಯೇ ಬಂತು. ಕೇಳದೆ ಬಂದದ್ದನ್ನು ಬೇಡವೆನ್ನುವಷ್ಟು ದೊಡ್ಡ ಮನುಷ್ಯನಲ್ಲ ಹುಸೇನಪ್ಪ. ಬಾಯಿ ಮುಚ್ಚಿಕೊಂಡಿದ್ದ.

ಇವತ್ತು ಆ ಬಾಯಿಗೇ ಕುತ್ತು ಬಂದಿತ್ತು. ಅಮೆರಿಕದಿಂದ, ಕೀನ್ಯಾದಿಂದ, ಮಲೇಷ್ಯಾದಿಂದ ಕಂಪನಿಯವರು ಬಂದಿಳಿದಿದ್ದರು; ಅವರಿಗಾಗಿ ಸರ್ವಧರ್ಮ ಸಂವಾದ ಏರ್ಪಾಡಾಗಿತ್ತು.

"ಮುಸ್ಲಿಮರ ಪರವಾಗಿ ನೀವು ನಾಲ್ಕು ಮಾತಾಡ್ಬೇಕು ಹುಸೇನಪ್ಪ," ಎಂದಿದ್ದಳು ವೇದವತಿ. "ಬರೀ ಎಂಜಿನಿಯರ್‌ಗಳೇ ಮಾತಾಡಿದ್ರೆ ಚೆನ್ನಾಗಿರಲ್ಲ. ಕನ್ನಡದಲ್ಲೇ ಹೇಳಿ, ನಾನು ಇಂಗ್ಲಿಷ್‌ನಲ್ಲಿ ಹೇಳ್ತೀನಿ."

ಊಟದ ಹೊತ್ತಿಗೆ ತಡೆಯಲಾರದೆ ಅವನು ಹೊರಗೆ ಓಡಿದ. ಗುರುಮಿಠಕಲ್ಲಿನ ಖಾಜಾಸಾಬ ಕಂಪನಿಗೆ ಬಾಡಿಗೆ ಕಾರು ಓಡಿಸುತ್ತಿದ್ದ. ಈ ಊರಿನಲ್ಲಿ ಮನಸ್ಸು ಬಿಚ್ಚಿ ಮಾತಾಡಲು ಇದ್ದವನು ಅವನೊಬ್ಬನೇ.

"ಖರೇ ಹೇಳಿದ್ರ ರಜಾ ಹೋಗ್ತೈತಿ ಭಾಯಿ," ಎಂದ ಹುಸೇನಪ್ಪ. "ಸುಳ್ಳು ಹೇಳಲೇನು?"

ಖಾಜಾಸಾಬ ಡಬ್ಬಿಯ ಮುಚ್ಚಳ ಹಾಕಿದ. "ನೀವು ಅಲಾಯಿ ಮುಂದ ಕುಣಿಯೋದು ನಮ್ಮ ಮೌಲಾನಾಗ ಸೇರಂಗಿಲ್ಲ. ಖರೇ ಅಂದ್ರ ನನಗೂ ಅಷ್ಟು ಸೇರಂಗಿಲ್ಲ. ಆದ್ರ ನಿನ್ನ ಮಗಳು ಉಳದಾಳ, ಹರಕಿ ತೀರಿಸು, ನಾ ಬ್ಯಾಡ ಅನ್ನಂಗಿಲ್ಲ. ರಜಾದ ಸಲುವಾಗಿ ಮಾತ್ರ 'ನಾ ಮುಸಲ್ಮಾನ' ಅಂತ ಹೇಳಬ್ಯಾಡ. ಅದು ನನಗ ನೋವಾಗ್ತೈತಿ."

ಮೂರು ಗಂಟೆಗೆ ಹುಸೇನಪ್ಪ ವೇದಿಕೆ ಹತ್ತಿದ. ತಾನು ಮುಸಲ್ಮಾನನಲ್ಲವೆಂದ. ತಾಯಿಯ ಹರಕೆ, ಎಲ್ಲಮ್ಮನ ಜಗಲಿ, ಹತ್ತು ದಿನದ ಫಕೀರಿ, ಮಗಳ ಕಾಮಾಲೆ ಎಲ್ಲವನ್ನೂ ಹೇಳಿದ. ವೇದವತಿ ಒಂದು ಕ್ಷಣ ತಬ್ಬಿಬ್ಬಾದರೂ ಒಂದನ್ನೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಬಿಳಿಯ ಹೆಂಗಸೊಬ್ಬಳು ಅವನ ಕೈ ಹಿಡಿದು ಕಣ್ಣೊರೆಸಿಕೊಂಡಳು. ಹುಸೇನಪ್ಪನಿಗೆ ಸದ್ಯ, ಬದುಕಿದೆನಪ್ಪಾ ಅನಿಸಿತು.

ಬಟ್ಟೆ ಬದಲಿಸಲು ಹೋಗುವಷ್ಟರಲ್ಲಿ ವೇದವತಿ ಹಿಂದೆಯೇ ಬಂದು ಒಂದು ಕಾಗದ, ಪೆನ್ನು ಅವನ ಕೈಗಿತ್ತಳು.

"ತುಂಬಾ ಚೆನ್ನಾಗಿ ಹೇಳಿದ್ರಿ. ಆದ್ರೆ ಮೇಲಿನವರೂ ಕೇಳಿಸ್ಕೊಂಡುಬಿಟ್ರು. ಹಿಂದೂಗಳಿಗೆ ಮೊಹರಂ ರಜೆ ಇಲ್ಲ. ಆದ್ರೂ ಅವರಿಗೆ ಕಾಗದದಲ್ಲಿ ಇರೋದೇ ಲೆಕ್ಕ. ಇಲ್ಲಿ ಮುಸ್ಲಿಂ ಅಂತ ಬರೆದು ಸಹಿ ಮಾಡಿ, ನಿಮ್ಮ ರಜೆ ನಾನು ಉಳಿಸ್ತೀನಿ. ಇಲ್ಲಾಂದ್ರೆ ಹಿಂದೂ ಅಂತ ಬರೆದು ಯುಗಾದಿಗೆ ಊರಿಗೆ ಹೋಗಿ."

ಅವಳ ದನಿಯಲ್ಲಿ ಕಪಟವಿರಲಿಲ್ಲ. ಅದಕ್ಕೇ ಹುಸೇನಪ್ಪನಿಗೆ ಇನ್ನಷ್ಟು ಸಂಕಟವಾಯಿತು. ಒಂದು ಪದ ಬರೆದರೆ ಗಾಡಿ ಸಿಗುತ್ತದೆ, ಖಾಜಾಸಾಬನಿಗೆ ಮುಖ ತೋರಿಸುವಂತಿಲ್ಲ. ಇನ್ನೊಂದು ಬರೆದರೆ ಮಗಳ ಹರಕೆ ನೀರುಪಾಲು. ಚಪ್ಪಾಳೆ ತಟ್ಟಿದವರ ಕೈ ಇನ್ನೂ ಬಿಸಿ ಆರಿರಲಿಕ್ಕಿಲ್ಲ, ಅಷ್ಟರಲ್ಲಿ ನೀನು ಯಾರೆಂದು ಕೇಳುತ್ತಿದ್ದಾರಲ್ಲ ಎಂದು ಅವನಿಗೆ ಕೆಟ್ಟ ಸಿಟ್ಟು ಬಂತು.

"ಎರಡೂ ಬರೀಬೌದೇನ್ರಿ?"

"ಒಂದೇ ಬರೀಬೇಕು."

"ಹಂಗಾರ ಖಾಲಿ ಇರ್ಲಿ ಬಿಡ್ರಿ."

"ಖಾಲಿ ಬಿಟ್ರೆ ರಜೆ ಸಿಗಲ್ಲ ಹುಸೇನಪ್ಪ. ಹೇಳದೆ ಹೋದ್ರೆ ಗೈರುಹಾಜರಿ ಬೀಳುತ್ತೆ. ಮೂರು ದಿನ ಗೈರಾದ್ರೆ ಕಂಟ್ರಾಕ್ಟರ್ ಬೇರೆಯವರನ್ನ ಹಾಕ್ಕೊಳ್ತಾನೆ. ನಿಮಗೇ ಗೊತ್ತಲ್ಲ."

ಗೊತ್ತಿತ್ತು. ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ ಆಗಿತ್ತು. ಶಂಕ್ರಮ್ಮ ಇಷ್ಟೊತ್ತಿಗೆ ಮಗಳ ಜಡೆ ಹಾಕಿ, ಸನತ್‌ನಗರದ ಕೋಣೆಗೆ ಬೀಗ ಹಾಕಿರುತ್ತಾಳೆ. ಹುಸೇನಪ್ಪ ಪೆನ್ನನ್ನು ವೇದವತಿಯ ಕೈಗೆ ವಾಪಸು ಕೊಟ್ಟ.

"ನಿಮ್ಮ ಪುಸ್ತಕದಾಗ ಗೈರುಹಾಜರಿ ಹಾಕ್ಕೋರಿ ಮೇಡಂ. ನನ್ನ ಮಗಳನ್ನ ಉಳಿಸಿದಾವನ ಮುಂದ ಗೈರುಹಾಜರಿ ಆಗಾಕ ನನ್ನ ಕೈಲೆ ಆಗಂಗಿಲ್ಲ."