ಗೇಟಿನ ಪಕ್ಕದ ಆರಡಿ

ನನ್ನ ಬಾಯಿ ಜೋರು ಎಂದು ವಸಂತಪುರಕ್ಕೆಲ್ಲ ಗೊತ್ತು. ನಾನು ಮೆಟ್ಟಿಲಿಳಿಯುವ ಸದ್ದು ಕೇಳಿದರೆ ಸಾಕು, ಬಾಡಿಗೆಯವರು ಓಡಿಹೋಗಿ ಮೋಟಾರು ಆರಿಸುತ್ತಾರೆ. ಆದರೆ ಆ ದಿನ ಟೇಪು ಹಿಡಿದು ನಮ್ಮ ಗೇಟಿನ ಮುಂದೆ ನಿಂತಿದ್ದ ಎಂಜಿನಿಯರ್ ಲತಾಮಣಿ ಹೆದರುವ ಹೆಣ್ಣಲ್ಲ.

“ಆಂಟಿ, ರೋಡು ಹದಿನೆಂಟಡಿ ಇದೆ. ಮೂವತ್ತಾದ್ರೇನೇ ನೀರಿನ ಪೈಪು, ಒಳಚರಂಡಿ ಎರಡೂ ಹಿಡಿಯೋದು. ಎದುರುಗಡೆ ಅಪಾರ್ಟ್‌ಮೆಂಟ್ ಕಟ್ತಿರೋರು ಅಭಿವೃದ್ಧಿ ಶುಲ್ಕ ಕಟ್ಟಿದಾರೆ. ಅವರ ಕಡೆ ಆರಡಿ ಬಿಟ್ಟೂ ಕೊಟ್ಟಿದಾರೆ. ಆ ದುಡ್ಡಲ್ಲೇ ಈ ಕೆಲಸ. ನೀವೊಂದು ಆರಡಿ ಬಿಟ್ರೆ ಮುಗೀತು.”

“ನಮ್ಗೆಷ್ಟು ಕೊಡ್ತೀರಾ?” ಎಂದರು ನನ್ನ ಗಂಡ ಬೈರಣ್ಣ.

“ದುಡ್ಡು ಕೊಡಲ್ಲ ಅಂಕಲ್. ಬದಲಿಗೆ ಹಕ್ಕುಪತ್ರ ಕೊಡ್ತೀವಿ, ಅದಿಟ್ಕೊಂಡು ಮೇಲೆ ಇನ್ನೊಂದು ಫ್ಲೋರ್ ಕಟ್ಬಹುದು. ಆದ್ರೆ ಈ ತಿಂಗಳೊಳಗೆ ಸೈನ್ ಆಗ್ಬೇಕು. ಇಲ್ದಿದ್ರೆ ಆ ದುಡ್ಡು ಬೇರೆ ರೋಡಿಗೆ ಹೋಗುತ್ತೆ.”

ಜಾಗ ನನ್ನ ಹೆಸರಿನಲ್ಲಿತ್ತು. “ಒಂದು ಗೇಣೂ ಕೊಡಲ್ಲ, ಹೋಗಮ್ಮ” ಎಂದೆ. ಬೈರಣ್ಣ ಏನೋ ಹೇಳಲು ಬಾಯಿ ತೆರೆದವರು ಗೇಟಿನ ಪಕ್ಕದ ದಾಸವಾಳದ ಗಿಡ ನೋಡಿ ಒಳಗೆ ನಡೆದರು.

ನಮ್ಮ ಮನೆ ದಾಟಿದರೆ ಹಿಂದೆ ಕಾಲೋನಿ, ನಲವತ್ತು ಮನೆ. ಒಂದಕ್ಕೂ ನಲ್ಲಿಯಿಲ್ಲ. ಆ ಸಂದಿಗೆ ಟ್ಯಾಂಕರ್ ನುಗ್ಗುವುದಿಲ್ಲ. ನಮ್ಮ ಗೇಟಿನ ಹತ್ತಿರವೇ ನಿಲ್ಲುತ್ತದೆ, ಅಲ್ಲಿಂದ ಹೊರಬೇಕು. ಮರುದಿನ ಕಾಲೋನಿಯ ಸುಭಾಷ್ ಬಂದು ರಸ್ತೆಯಲ್ಲೇ ನಿಂತು ಕೂಗಿದ.

“ಅಕ್ಕ, ನಿಮ್ಗೇನು, ಬೋರ್ ಇದೆ! ನಮ್ಮವ್ವ ತಿಮ್ಮಕ್ಕ ಎಪ್ಪತ್ತೆಂಟು ವರ್ಷಕ್ಕೂ ಕೊಡ ಹೊರ್ತಾಳೆ. ಆರಡಿ ಜಾಗಕ್ಕೆ ಇಷ್ಟೊಂದು ಆಸೆನಾ?”

“ಹೂಂ ಕಣೋ, ಆಸೆಬುರುಕಿ ನಾನು. ಏನೀಗ?” ಎಂದು ಗೇಟು ದಢಾರನೆ ಹಾಕಿದೆ. ಅವನು ಹೋದ ಮೇಲೆ ದಾಸವಾಳದ ಬುಡದಲ್ಲಿ ಕೂತು ಅತ್ತೆ.

ನಲವತ್ತೆರಡು ವರ್ಷದ ಹಿಂದಿನ ಮಾತು. ನನ್ನ ಚೊಚ್ಚಲು ಹೆಣ್ಣುಮಗು ಅರ್ಧ ದಿನ ಉಸಿರಾಡಿತು, ಅಷ್ಟೇ. ಹೆರಿಗೆ ಮಾಡಿಸಿದ ತಿಮ್ಮಕ್ಕನೇ ನನ್ನ ಹಳೇ ಸೀರೆಯಲ್ಲಿ ಸುತ್ತಿ ಎತ್ತಿಕೊಂಡು ಹೋದಳು. ನಾನು ಏಳುವ ಹಾಗಿರಲಿಲ್ಲ. “ಗೇಟಿನ ಪಕ್ಕದಲ್ಲೇ ಇಟ್ವಿ, ದಾಸವಾಳ ನೆಟ್ಟಿದೀವಿ, ಅಳ್ಬೇಡ” ಎಂದರು ಅತ್ತೆ. ಆಮೇಲೆ ಎರಡು ಗಂಡು ಹುಟ್ಟಿದವು. ಆದರೂ ಒಂದು ಸಂಜೆಯೂ ಅಲ್ಲಿ ದೀಪ ಇಡುವುದನ್ನು ನಾನು ತಪ್ಪಿಸಲಿಲ್ಲ. ಮಗಳ ಮೇಲೆ ಡಾಂಬರು ಸುರಿದು ಲಾರಿ ಓಡಿಸಿ ಎಂದು ಯಾವ ತಾಯಿ ಸೈನ್ ಹಾಕುತ್ತಾಳೆ?

ಸುಭಾಷ್ ಕೂಗಾಡಿದ ದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ತಿಮ್ಮಕ್ಕ ಕೋಲೂರಿಕೊಂಡು ಬಂದಳು. ಎಂದಿನಂತೆ ಗೇಟಿನ ಹೊರಗೇ ಕೂತಳು. ನಾನೂ ಒಳಗೆ ಬಾ ಎನ್ನಲಿಲ್ಲ.

“ನನ್ಮಗ ಬಾಯಿಗೆ ಬಂದಂಗೆ ಅಂದ್ನಂತೆ. ಅವನಿಗೇನು ಗೊತ್ತು, ಬಿಡು” ಎಂದಳು. ದೀಪದ ಕಡೆ ಕೋಲು ತೋರಿಸಿದಳು. “ಜಾಗ ಕೊಡೋದು ಬಿಡೋದು ನಿನ್ನಿಷ್ಟ. ಆದ್ರೆ ಇದಕ್ಕೋಸ್ಕರ ಕೊಡ್ದೆ ಇರ್ಬೇಡ ತಾಯಿ. ಇಲ್ಲಿ ಏನೂ ಇಲ್ಲ.”

“ಏನಂದೆ?”

“ಮನೆ ಮುಂದೆ ಹೂತ್ರೆ ಸೊಸೆಗೆ ಮತ್ತೆ ಬಸಿರು ನಿಲ್ಲಲ್ಲ ಅಂತ ನಿಮ್ಮತ್ತೆಗೆ ಭಯ. ಕೆರೆ ಆಚೆ ಹಾಕ್ಬಾ ಅಂದ್ಲು. ನಾಯಿ ನರಿ ಓಡಾಡೋ ಜಾಗ, ನನ್ಗೆ ಮನ್ಸು ಬರ್ಲಿಲ್ಲ. ನಮ್ಮನೆ ಹಿತ್ಲಲ್ಲೇ ಮಲಗಿಸ್ದೆ.”

“ಅಯ್ಯೋ ಪಾಪಿ! ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?”

“ನೀನು ದಿನಾ ದೀಪ ಇಡ್ತಿದ್ದೆ. ನನ್ಬಾಯಿಂದ ಅದನ್ನ ಹೆಂಗೆ ಆರಿಸ್ಲಿ? ಒಂದ್ಸಲ ನಮ್ಮನೆಗೆ ಬಂದಿದ್ರೆ ತೋರಿಸ್ತಿದ್ದೆ. ನೀನು ಬರ್ಲೇ ಇಲ್ಲ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಅವಳ ಮನೆ ಒಂದು ಕೂಗಿನಷ್ಟು ದೂರ. ಸುಭಾಷನ ಮದುವೆಗೆ ಹಣ್ಣುಕಾಯಿ ಕಳಿಸಿದ್ದೆ, ಅವಳ ಗಂಡ ಉಗ್ರಪ್ಪ ಸತ್ತಾಗ ಅಕ್ಕಿ ಕಳಿಸಿದ್ದೆ, ನಾನು ಮಾತ್ರ ಹೋಗಿರಲಿಲ್ಲ. ನಮ್ಮವರು ಆ ಮನೆಗಳಿಗೆ ಹೋಗುವುದಿಲ್ಲ, ಅಷ್ಟೇ. ಯಾಕೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ.

“ನಡಿ” ಎಂದೆ.

ಅವಳ ಹಿಂದೆಯೇ ಹೊಸ್ತಿಲು ದಾಟಿದೆ. ಗೋಡೆಯ ಮೇಲೆ ಬುದ್ಧನ ಪಟ, ಕೆಳಗೆ ಸಾಲಾಗಿ ಕೊಡಗಳು. ಹಿತ್ತಲಲ್ಲಿ ಒಂದು ಸೀಬೆಮರ, ಬುಡದಲ್ಲಿ ಅಂಗೈಯಗಲದ ಕಲ್ಲು. ಆ ಮರದ ಹಣ್ಣು ನನಗೆ ಗೊತ್ತಿತ್ತು. ಪ್ರತಿ ವರ್ಷ ಯಾರೋ ನಮ್ಮ ಗೇಟಿಗೆ ಒಂದು ಚೀಲ ಸೀಬೆಹಣ್ಣು ನೇತುಹಾಕಿ ಹೋಗುತ್ತಿದ್ದರು. ಕಾಲೋನಿಯದು ಎಂದು ತಿಳಿದು ಬಾಡಿಗೆಯವರಿಗೆ ಹಂಚಿಬಿಡುತ್ತಿದ್ದೆ. ಒಂದನ್ನೂ ಕಚ್ಚಿ ನೋಡಿರಲಿಲ್ಲ.

ಕಲ್ಲಿನ ಪಕ್ಕ ಕುಸಿದು ಕೂತೆ. ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ತಿಮ್ಮಕ್ಕ ಒಂದು ಚೊಂಬು ನೀರು ತಂದಳು, ಕೊಡುವಾಗ ಅವಳ ಕೈ ಸ್ವಲ್ಪ ತಡೆಯಿತು. ಕಿತ್ತುಕೊಂಡು ಗಟಗಟ ಕುಡಿದೆ. ಉಳಿದದ್ದನ್ನು ಅವಳು ಮರದ ಬುಡಕ್ಕೆ ಹಾಕಿದಳು. ಬೆಳಿಗ್ಗೆ ನನ್ನ ಗೇಟಿನಿಂದ ಹೊತ್ತು ತಂದ ನೀರು ಅದು.

ಮರುದಿನ ಎಂಟಕ್ಕೇ ಲತಾಮಣಿಗೆ ಫೋನು ಮಾಡಿ ಕರೆಸಿಕೊಂಡು ಸೈನ್ ಹಾಕಿದೆ. ವಿಷಯ ತಿಳಿದ ಸುಭಾಷ್ ಓಡಿಬಂದು “ಅಕ್ಕ, ಸಾರಿ” ಎಂದ. “ಸಾರಿಗೀರಿ ಆಮೇಲೆ, ಮೊದ್ಲು ಈ ದಾಸವಾಳ ಬೇರುಸಮೇತ ಅಗೆದು ನಿಮ್ಮ ಹಿತ್ಲಲ್ಲಿ ನೆಡು, ಒಂದು ಬೇರು ತುಂಡಾದ್ರೂ ನೋಡು!” ಎಂದು ಗದರಿದೆ. ಜೆಸಿಬಿ ಬಂದು ಕಾಂಪೌಂಡು ಒಡೆದ ದಿನ ನಾನು ನೋಡಲು ನಿಲ್ಲಲಿಲ್ಲ.

ಮೂರು ತಿಂಗಳಿಗೆ ಕಾಲೋನಿಗೆ ನೀರು ಬಂತು. ಹುಡುಗರು ಶಿಳ್ಳೆ ಹೊಡೆದರು. ಮೊದಲು ಕೆಸರು, ಆಮೇಲೆ ತಿಳಿ. ತಿಮ್ಮಕ್ಕ ಮೊದಲ ಕೊಡ ತುಂಬಿಸಿ, ಎತ್ತಲು ಬಂದ ಮಗನ ಕೈಯನ್ನು ಸರಿಸಿ, ನನ್ನ ಕಡೆ ತಿರುಗಿದಳು.

“ಬಾ ತಾಯಿ. ಇಷ್ಟು ವರ್ಷ ನಾನು ಹಾಕ್ದೆ. ಇನ್ಮೇಲೆ ನಿನ್ಮಗಳಿಗೆ ನೀನೇ ನೀರು ಹಾಕು.”

ನಾನು ಕೊಡವನ್ನು ಸೊಂಟಕ್ಕೆ ಎತ್ತಿಕೊಂಡು ಹಿತ್ತಲಿಗೆ ನಡೆದೆ.